ಗೆಳೆಯನಿಗೊಂದು ಪತ್ರ: ಸಂತ ಲಾರೆನ್ಸರ ಬಗ್ಗೆ ಬರೆಯುವ ಮುನ್ನ

ಪ್ರಿಯ ಗೆಳೆಯಾ,

ಕಾರ್ಕಳದ ಅತ್ತೂರು ಇಗರ್ಜಿಯ ಜಾತ್ರೆಯಾದ ಸಾಂತ್‌ಮಾರಿಗೆ ಮೂರನೆಯ ಶತಮಾನದ ರೋಮಿನಲ್ಲಿ ಧರ್ಮಕ್ಕಾಗಿ ಪ್ರಾಣಕೊಟ್ಟ ಸಂತ ಲಾರೆನ್ಸರ ಮೇಲೊಂದು ಲೇಖನ ಬೇಕು, ಎಲ್ಲಿಂದ ಹಿಡಿಯಲಿ ಅಂತ ಕೇಳಿದ್ದೀಯ. ಕಬ್ಬಿಣದ ಜಾಲರಿಯಿಂದ ಮಾತ್ರ ಶುರುಮಾಡಬೇಡ ಮಾರಾಯ. ಅವರನ್ನು ಸುಡಲು ಹಾಕಿದ ಆ ಜಾಲರಿಯಲ್ಲಿ, ಕೆಂಡದ ಮೇಲೆ ಮಲಗಿದವರು "ಈ ಮಗ್ಗುಲು ಬೆಂದಿತು, ಮಗುಚಿ ಹಾಕಿ" ಎಂದದ್ದು ಎಲ್ಲರಿಗೂ ಬಾಯಿಪಾಠ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಯಾರು ಓದುತ್ತಾರೆ? ದುಡ್ಡಿನ ಲೆಕ್ಕದಿಂದ ಶುರುಮಾಡು.

ಕ್ರಿ.ಶ. 251ರ ಹೊತ್ತಿಗೆ ರೋಮಿನ ಬಿಷಪ್ ಕೊರ್ನೇಲಿಯುಸ್ ಅಂತಿಯೋಕ್ಯದ ಬಿಷಪರಿಗೆ ಬರೆದ ಕಾಗದದ ಭಾಗ ಇಂದಿಗೂ ಉಳಿದಿದೆ. ಅದರಲ್ಲಿ ತಮ್ಮ ಕ್ರೈಸ್ತ ಸಭೆಯ ತಲೆಲೆಕ್ಕ ಕೊಟ್ಟಿದ್ದಾರೆ: 46 ಗುರುಗಳು (ಪಾದ್ರಿಗಳು), ಅವರಿಗಿಂತ ಕೆಳಗಿನ ಹುದ್ದೆಯ 7 ಡೀಕನ್‌ಗಳು, ಅವರ ಕೆಳಗೆ 7 ಉಪಡೀಕನ್‌ಗಳು, ಜೊತೆಗೆ ಸಭೆಯೇ ಸಾಕುತ್ತಿದ್ದ ವಿಧವೆಯರು, ದಿಕ್ಕಿಲ್ಲದವರು 1500ಕ್ಕೂ ಹೆಚ್ಚು. ಬಡವರ ಪಾಲನೆ, ಕಾಣಿಕೆ ಹಣದ ಹಂಚಿಕೆ ಡೀಕನ್‌ಗಳ ಕೆಲಸ. 1500ನ್ನು ಏಳರಿಂದ ಸುಮ್ಮನೆ ಭಾಗಿಸಿ ನೋಡು, ಒಬ್ಬೊಬ್ಬರ ತಲೆಗೆ ಇನ್ನೂರಕ್ಕೂ ಮೇಲೆ. ಆಮೇಲೆ ಕೆಲವೇ ವರ್ಷಗಳಲ್ಲಿ ಆ ಏಳು ಜನರಲ್ಲಿ ಒಬ್ಬರಾದವರು ಲಾರೆನ್ಸ್. ಸಭೆಯ ಸಂಪತ್ತು ಒಪ್ಪಿಸು ಎಂದು ಅಧಿಕಾರಿ ಕೇಳಿದಾಗ ಲಾರೆನ್ಸರು ಬಡವರನ್ನೆಲ್ಲ ಸಾಲಾಗಿ ಕರೆತಂದು "ಇದೇ ನಮ್ಮ ಸಂಪತ್ತು" ಎಂದ ಕಥೆಯನ್ನು ಈ ಲೆಕ್ಕದ ಪಕ್ಕದಲ್ಲಿಡು. ಆಗ ಅದು ಬರೀ ಜಾಣ ಉತ್ತರವಾಗಿ ಉಳಿಯುವುದಿಲ್ಲ.

ಇನ್ನು ರಾಜಾಜ್ಞೆ. ಚಕ್ರವರ್ತಿ ವಲೇರಿಯನ್ 258ರಲ್ಲಿ ಹೊರಡಿಸಿದ ಎರಡನೆಯ ಆಜ್ಞೆ ಬಹಳ ನೇರವಾಗಿತ್ತು: ಬಿಷಪ್, ಗುರು, ಡೀಕನ್ ಯಾರೇ ಆದರೂ ಕೂಡಲೇ ಮರಣದಂಡನೆ, ಕ್ರೈಸ್ತರಾದ ಸೆನೆಟರ್‌ಗಳ ಆಸ್ತಿ ಮುಟ್ಟುಗೋಲು. ಆಗಸ್ಟ್ 6ರಂದು ಪೋಪ್ ಎರಡನೆಯ ಸಿಕ್ಸ್ಟಸ್‌ ಅವರನ್ನು ಸಮಾಧಿ ಸ್ಥಳದಲ್ಲೇ ಕೊಂದರು, ನಾಲ್ವರು ಡೀಕನ್‌ಗಳನ್ನೂ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಆಗಲೇ ಬರೆದ ಪತ್ರದಲ್ಲಿ ಈ ಸುದ್ದಿ ಇದೆ. ನಾಲ್ಕು ದಿನ ಕಳೆದು, ಆಗಸ್ಟ್ 10ರಂದು, ಲಾರೆನ್ಸರ ಸರದಿ. ತಿಬುರ್ತೀನಾ ರಸ್ತೆಯ ಪಕ್ಕದಲ್ಲಿ ಹೂಳಿದರು.

ಬರೆಯುವವರು ಎಡವುವುದು ಇಲ್ಲೇ. ಬಹಳ ತಡವಾಗಿ ಹುಟ್ಟಿದ ಒಂದು ಕಥನ ಲಾರೆನ್ಸರನ್ನು ಕೊಲ್ಲಿಸಿದವನು ವಲೇರಿಯನ್‌ಗಿಂತ ಮುಂಚಿನ ಚಕ್ರವರ್ತಿ ದೇಸಿಯಸ್ ಎನ್ನುತ್ತದೆ. ಆತ 251ರಲ್ಲೇ ಯುದ್ಧದಲ್ಲಿ ಸತ್ತಿದ್ದ! ಅದನ್ನೇ ನಕಲು ಮಾಡಿದ ಜೀವನಚರಿತ್ರೆಗಳು ಇನ್ನೂ ಓಡಾಡುತ್ತಿವೆ, ಹುಷಾರು. ಜಾಲರಿಯ ವಿಷಯಕ್ಕೆ ಬಂದರೆ, ಬೆಂಕಿಯ ಉಲ್ಲೇಖ ಪೋಪ್ ದಮಾಸುಸ್ (366–384) ಬರೆಸಿದ ಸಮಾಧಿ ಪದ್ಯದಲ್ಲಿದೆ. ಮಗುಚುವ ಮಾತು ನಮಗೆ ಸಿಗುವುದು ಮಿಲಾನಿನ ಬಿಷಪ್ ಆಂಬ್ರೋಸರ ಬರಹದಲ್ಲಿ, ಅಂದರೆ ಘಟನೆಯಾಗಿ ಶತಮಾನಕ್ಕೂ ಹೆಚ್ಚು ಕಾಲ ಆದಮೇಲೆ. ತಲೆ ಕಡಿದಿರಬೇಕು ಎನ್ನುವ ಇತಿಹಾಸಕಾರರೂ ಇದ್ದಾರೆ. "ಕೂಡಲೇ" ಎಂಬ ಆಜ್ಞೆಯನ್ನು ನೋಡಿದರೆ ನನಗೂ ಹಾಗೇ ತೋರುತ್ತದೆ. ನೀನು "ಪರಂಪರೆಯ ಪ್ರಕಾರ" ಎಂದು ಬರೆದರೆ ಭಕ್ತರಿಗೂ ನೋವಿಲ್ಲ, ಸುಳ್ಳೂ ಆಗುವುದಿಲ್ಲ.

ಚಿತ್ರ ಆರಿಸುವಾಗ ಉಡುಪು ನೋಡು. ಅವರು ಗುರುಗಳಲ್ಲ, ಹಾಗಾಗಿ ಪೂಜೆಯ ಮೇಲಂಗಿ ಹೊದ್ದ ಚಿತ್ರ ತಪ್ಪು. ಡೀಕನ್‌ಗಳ ಅಗಲ ತೋಳಿನ ಡಾಲ್ಮಾಟಿಕ್ ಇರಬೇಕು. ಜಾಲರಿ ಇದ್ದಮಾತ್ರಕ್ಕೆ ನಂಬಬೇಡ, ಸ್ಪೇನಿನ ಸಂತ ವಿನ್ಸೆಂಟರ ಕೈಯಲ್ಲೂ ಅದು ಉಂಟು. ನನ್ನನ್ನು ಕೇಳಿದರೆ ಇಟಲಿಯ ರವೆನ್ನಾದಲ್ಲಿ, ಗಾಲ್ಲಾ ಪ್ಲಾಸಿಡಿಯಾ ಸಮಾಧಿ ಮಂದಿರದಲ್ಲಿರುವ ಐದನೆಯ ಶತಮಾನದ ಮೊಸಾಯಿಕ್ ಹಾಕು. ಒಂದು ಕಡೆ ಬಾಗಿಲು ತೆರೆದ ಕಪಾಟು, ಒಳಗೆ ಹೆಸರು ಬರೆದ, ಬೈಬಲಿನ ನಾಲ್ಕು ಸುವಾರ್ತೆಗಳು. ನಡುವೆ ಉರಿಯುವ ಬೆಂಕಿಯ ಮೇಲೆ ಜಾಲರಿ. ಇನ್ನೊಂದು ಕಡೆ ಹೆಗಲಿಗೆ ಶಿಲುಬೆ, ಕೈಯಲ್ಲಿ ತೆರೆದ ಪುಸ್ತಕ ಹಿಡಿದು ಬಿರುಸಾಗಿ ಬರುತ್ತಿರುವ ವ್ಯಕ್ತಿ. ಅದು ಲಾರೆನ್ಸರೇ ಎಂಬುದು ಹೆಚ್ಚಿನವರ ಅಭಿಪ್ರಾಯ, ವಿನ್ಸೆಂಟರು ಎನ್ನುವವರೂ ಇದ್ದಾರೆ. ಚಿತ್ರದಡಿ ಅಷ್ಟು ಸೇರಿಸು.

ರೋಮಿನ ಸಮಾಧಿಯ ಮೇಲಿನ ದೇವಾಲಯಕ್ಕೆ 1943ರ ಜುಲೈ 19ರಂದು ಬಾಂಬು ಬಿದ್ದದ್ದು, ಆಮೇಲೆ ಮತ್ತೆ ಕಟ್ಟಿದ್ದು ಒಂದು ಸಾಲಿನಲ್ಲಿ ಸಾಕು. ಅತ್ತೂರಿನ ಇಗರ್ಜಿಗೆ ಬಸಿಲಿಕಾ ಪಟ್ಟ (ಪೋಪ್ ಕೊಡುವ ವಿಶೇಷ ಗೌರವ) ಬಂದದ್ದು 2016ರಲ್ಲಿ. ಜಾತ್ರೆ ಜನವರಿಯಲ್ಲಿ, ಚರ್ಚಿನ ಪಂಚಾಂಗದ ಹಬ್ಬ ಆಗಸ್ಟ್ 10ಕ್ಕೆ. ಎರಡನ್ನೂ ಬರೆ, ಇಲ್ಲವಾದರೆ ತಾರೀಕು ತಪ್ಪಾಗಿದೆ ಅಂತ ನಾಲ್ಕು ಜನ ಫೋನ್ ಮಾಡುತ್ತಾರೆ.

ಇಂತಿ ನಿನ್ನ ಗೆಳೆಯ