ಮಗಳಿಗೊಂದು ಪತ್ರ: ಎಲ್ಲ ‘ಪ್ಯಾರಾ’ಗಳೂ ಒಂದೇ ಅಲ್ಲ

ಪ್ರೀತಿಯ ಮಗಳೇ,

‘ಪ್ಯಾರಾ’ ಎಂದು ಶುರುವಾಗುವ ವೈದ್ಯಕೀಯ ಪದಗಳನ್ನೆಲ್ಲ ಸಾಲಾಗಿ ಬರೆದು, ಎಲ್ಲಕ್ಕೂ ‘ಪಕ್ಕದ’ ಎಂಬ ಒಂದೇ ಅರ್ಥ ಹಾಕಿ ಬಾಯಿಪಾಠ ಮಾಡುತ್ತಿದ್ದೀಯಲ್ಲ, ಆ ಪಟ್ಟಿ ಅರ್ಧದವರೆಗೆ ಸರಿ. ಆಮೇಲೆ ಕೈಕೊಡುತ್ತದೆ.

ಗ್ರೀಕ್‌ನಲ್ಲಿ ಅದರ ಮೂಲಾರ್ಥ ಪಕ್ಕ, ಬದಿ ಎಂದೇ. ಬದಿಗೆ ಸರಿದದ್ದು ದಾರಿ ತಪ್ಪಿದ್ದೂ ಹೌದು ಎಂಬ ಎಣಿಕೆಯಿಂದ ‘ಸರಿಯಿಲ್ಲದ’ ಎಂಬ ಅರ್ಥವೂ ಅದಕ್ಕೆ ಅಂಟಿಕೊಂಡಿತು. ಮೂರನೆಯದು ‘ಹೋಲುವ, ಆದರೆ ಅದೇ ಅಲ್ಲದ’. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ತಿಳಿಯಲು ಉಪಸರ್ಗವನ್ನು ದಿಟ್ಟಿಸಿ ಪ್ರಯೋಜನವಿಲ್ಲ, ಅದರ ಮುಂದೆ ಏನಿದೆ ನೋಡು. ಅಂಗದ ಹೆಸರಿದ್ದರೆ ಸಾಮಾನ್ಯವಾಗಿ ‘ಪಕ್ಕ’. ಸಂವೇದನೆಯೋ ಕ್ರಿಯೆಯೋ ಇದ್ದರೆ ‘ಕೆಟ್ಟ’. ರೋಗದ ಹೆಸರಿದ್ದರೆ ‘ಹೋಲುವ’.

ಮೊದಲ ಗುಂಪಿಗೆ ಪ್ಯಾರಾಥೈರಾಯ್ಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಂತಿರುವ ಪುಟ್ಟ ಗ್ರಂಥಿಗಳಿವು, ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಬೇಳೆಕಾಳಿನಷ್ಟು. ಒಂದೊಂದರ ತೂಕ 30ರಿಂದ 50 ಮಿಲಿಗ್ರಾಂ. ಇಂಗ್ಲೆಂಡಿನ ಅಂಗರಚನಾ ತಜ್ಞ ರಿಚರ್ಡ್ ಓವನ್ ಇದನ್ನು ಮೊದಲು ಕಂಡದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದರಲ್ಲಿ. ಮನುಷ್ಯರಲ್ಲಿ ಗುರುತಿಸಿ ಈ ಹೆಸರಿಟ್ಟವನು ಸ್ವೀಡನ್ನಿನ ಉಪ್ಸಾಲಾದಲ್ಲಿ ಓದುತ್ತಿದ್ದ ಇವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಆಗವನು ನಿನ್ನಂತೆಯೇ ವೈದ್ಯಕೀಯ ವಿದ್ಯಾರ್ಥಿ! ಹೆಸರು ಜಾಗವನ್ನಷ್ಟೇ ಹೇಳುತ್ತದೆ, ಕೆಲಸವನ್ನಲ್ಲ. ಪಕ್ಕದಲ್ಲಿದೆ ಅಂದಮಾತ್ರಕ್ಕೆ ಅದು ಥೈರಾಯ್ಡ್‌ನ ಸಹಾಯಕ ಅಲ್ಲ. ಥೈರಾಯ್ಡ್ ಹಾರ್ಮೋನಿಗೂ ಇದಕ್ಕೂ ಕೆಲಸದಲ್ಲಿ ನಂಟಿಲ್ಲ. ಇದರ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುತ್ತದೆ. ಆದರೆ ಜಾಗದ ಸಹವಾಸಕ್ಕೆ ಬೆಲೆ ತೆರಬೇಕಾಗುತ್ತದೆ: ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಇವೂ ಜೊತೆಗೆ ಹೋದರೆ, ಅಥವಾ ಇವುಗಳ ರಕ್ತಪೂರೈಕೆ ಕಡಿದರೆ, ಒಂದೆರಡು ದಿನದಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಮೊದಲು ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಚುಮುಚುಮು. ತೋಳಿಗೆ ಕಟ್ಟಿದ ಬಿಪಿ ಪಟ್ಟಿಯನ್ನು ಸಿಸ್ಟಾಲಿಕ್ ಒತ್ತಡಕ್ಕಿಂತ, ಅಂದರೆ ಬಿಪಿಯ ಮೇಲಿನ ಅಂಕೆಗಿಂತ, ಮೇಲೇರಿಸಿ 3 ನಿಮಿಷ ಬಿಟ್ಟರೆ ಮಣಿಕಟ್ಟು ಬಾಗುತ್ತದೆ, ಹೆಬ್ಬೆರಳು ಅಂಗೈಗೆ ಎಳೆದುಕೊಳ್ಳುತ್ತದೆ, ಉಳಿದ ಬೆರಳುಗಳು ಬುಡದಲ್ಲಿ ಮಡಿಚಿ ಮುಂದೆ ನೇರವಾಗಿ ಸೆಟೆದು ನಿಲ್ಲುತ್ತವೆ. ಕ್ಯಾಲ್ಸಿಯಂ ಇಳಿದಿದೆ ಎಂದು ಹೇಳುವ ಟ್ರೂಸೋ ಚಿಹ್ನೆ ಅದೇ.

ಆ ಚುಮುಚುಮುವಿಗೆ ಇರುವ ಹೆಸರು ಪ್ಯಾರೆಸ್ತೇಸಿಯಾ. ಇಲ್ಲಿ ‘ಪ್ಯಾರಾ’ ಎರಡನೆಯ ಅರ್ಥಕ್ಕೆ ಹೊರಳಿತು: ‘ಐಸ್ತೇಸಿಸ್’ ಅಂದರೆ ಸಂವೇದನೆ, ಅದು ಕೆಟ್ಟಿದೆ. ಜೊತೆಗೆ ಕೊನೆಯ ‘ಆ’ ಮಾಯವಾಗಿದೆ. ಶಾಲೆಯಲ್ಲಿ ಓದಿದ ಲೋಪಸಂಧಿ ನೆನಪಿದೆಯಾ, ಊರು ಸೇರಿಸು ಅಲ್ಲಿ, ಊರಲ್ಲಿ? ಗ್ರೀಕ್‌ನಲ್ಲೂ ಅದೇ ನಡೆಯುತ್ತದೆ. ಸ್ವರದ ಮುಂದೆ ‘ಪ್ಯಾರಾ’ ಬರೀ ‘ಪ್ಯಾರ್’ ಆಗುತ್ತದೆ. ಹಾಗಾಗಿ ಪದವನ್ನು ಎಲ್ಲಿ ಕತ್ತರಿಸುತ್ತೀ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪರೋಟಿಡ್ ಅಂದರೆ ಕಿವಿಯ ಪಕ್ಕದ್ದು, ‘ಓಟ್’ ಕಿವಿ; ಮಂಗನಬಾವಿನಲ್ಲಿ ಊದಿಕೊಳ್ಳುವ ಲಾಲಾಗ್ರಂಥಿ ಇದೇ. ಪ್ಯಾರೆಂಟರಲ್‌ನಲ್ಲಿ ‘ಎಂಟರಾನ್’ ಕರುಳು. ಕರುಳನ್ನು ಬದಿಗಿಟ್ಟು ಕೊಡುವ ಮದ್ದು. ರಕ್ತನಾಳಕ್ಕೆ ಕೊಟ್ಟರೂ, ಸ್ನಾಯುವಿಗೆ ಕೊಟ್ಟರೂ, ಚರ್ಮದಡಿಗೆ ಕೊಟ್ಟರೂ ಪ್ಯಾರೆಂಟರಲ್ಲೇ. ಅದನ್ನು ಡ್ರಿಪ್ ಎಂದಷ್ಟೇ ತಿಳಿಯಬೇಡ. ಅದನ್ನು ‘ಪೇರೆಂಟ್’ ಎಂದು ಕತ್ತರಿಸಿ ನಮ್ಮನ್ನೂ ಎಳೆದು ತರುವವರಿದ್ದಾರೆ. ಅಪ್ಪ ಅಮ್ಮಂದಿರ ಸರದಿ ಮುಂದೆ ಬರುತ್ತದೆ.

ಪ್ಯಾರಾಪ್ಲೀಜಿಯಾದಲ್ಲಿ ಬುಡ ನೋಡಿದರೆ ಸಾಲದು. ‘ಪ್ಲೇಗೇ’ ಅಂದರೆ ಪೆಟ್ಟು. ಹೆಸರಿನಲ್ಲಿ ಕಾಲಿನ ಸುಳಿವೇ ಇಲ್ಲ. ಎರಡೂ ಕಾಲಿನ ಬಲ ಹೋಗುವುದು ಎಂಬ ಅರ್ಥ ಬಳಕೆಯಿಂದ ಬಂದದ್ದು, ಅದನ್ನು ಹಾಗೆಯೇ ನೆನಪಿಡಬೇಕು. ಕನ್ನಡದಲ್ಲಿ ಹೇಳುವಾಗ ಇದನ್ನು ಪಾರ್ಶ್ವವಾಯು ಅನ್ನಬೇಡ. ಅದು ದೇಹದ ಒಂದು ಮಗ್ಗುಲಿನದು, ಅಂದರೆ ಹೆಮಿಪ್ಲೀಜಿಯಾ. ರೋಗಿಯ ಮನೆಯವರಿಗೆ ಹಾಗೆ ಹೇಳಿದರೆ ತಪ್ಪು ಚಿತ್ರವೇ ಮನಸ್ಸಿನಲ್ಲಿ ಕೂರುತ್ತದೆ. ಕಾಲುಗಳ ಬಲ ಪೂರ್ತಿ ಹೋಗದೆ ಕುಂದಿದ್ದರೆ ಪ್ಯಾರಾಪರೇಸಿಸ್. ‘ಪರೇಸಿಸ್’ ಒಳಗೂ ಒಂದು ‘ಪ್ಯಾರಾ’ ಅಡಗಿದೆ, ಸಡಿಲ ಬಿಡು ಎಂಬ ಕ್ರಿಯಾಪದದ ಜೊತೆ. ಒಂದೇ ಪದದಲ್ಲಿ ಎರಡು ಸಲ.

ಮೂರನೆಯ ಗುಂಪು ಚಿಕ್ಕದು. ಟೈಫಾಯ್ಡ್ ಎಂದರೇ ‘ಟೈಫಸ್‌ನಂಥದ್ದು’; ಟೈಫಸ್ ಬೇರೊಂದು ಜ್ವರ. ಟೈಫಾಯ್ಡನ್ನು ಹೋಲುವ, ಬೇರೆ ಬಗೆಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತರುವ ಜ್ವರ ಪ್ಯಾರಾಟೈಫಾಯ್ಡ್. ಹೋಲುವುದನ್ನು ಹೋಲುವಂಥದ್ದು! ಹೆಸರಿಡುವವರು ದಣಿದಿದ್ದರೇನೋ.

ಪ್ಯಾರಸೈಟ್ ವಿಷಯಕ್ಕೆ ಬಾ. ‘ಸಿಟೋಸ್’ ಧಾನ್ಯ, ಊಟ. ಇನ್ನೊಬ್ಬರ ಪಂಕ್ತಿಯಲ್ಲಿ ಪಕ್ಕ ಕೂತು ಉಣ್ಣುವವನನ್ನು ಗ್ರೀಕರು ಹಾಗೆ ಕರೆದರು. ಹುಳುಹುಪ್ಪಟೆಗೆ ಆ ಹೆಸರು ಬಂದದ್ದು ಎಷ್ಟೋ ಕಾಲದ ನಂತರ. ನಮ್ಮ ‘ಪರಾವಲಂಬಿ’ಯ ‘ಪರಾ’ ನೋಡಿ ಎರಡೂ ಒಂದೇ ಅಂದುಕೊಳ್ಳಬೇಡ. ಅಲ್ಲಿರುವುದು ಪರ ಮತ್ತು ಅವಲಂಬಿ, ಸವರ್ಣದೀರ್ಘ ಸಂಧಿ. ಪರ ಅಂದರೆ ಬೇರೆಯವರು.

ಪ್ಯಾರಸಿಟಮಾಲ್‌ನಲ್ಲಿ ಪಕ್ಕವೂ ಇಲ್ಲ, ಕೆಡುಕೂ ಇಲ್ಲ. ಅದು ರಸಾಯನಶಾಸ್ತ್ರದ ವಿಳಾಸ. ಬೆಂಜೀನ್ ಉಂಗುರದ 1 ಮತ್ತು 2ನೇ ಜಾಗದಲ್ಲಿ ಗುಂಪುಗಳಿದ್ದರೆ ಆರ್ಥೋ, 1 ಮತ್ತು 3ರಲ್ಲಿದ್ದರೆ ಮೆಟಾ, ಎದುರುಬದುರಾಗಿ 1 ಮತ್ತು 4ರಲ್ಲಿದ್ದರೆ ಪ್ಯಾರಾ. ಪ್ಯಾರಾ-ಅಸಿಟೈಲ್‌ಅಮಿನೋಫೀನಾಲ್ ಎಂಬ ಉದ್ದ ಹೆಸರಿನಿಂದ ತುಂಡುಗಳನ್ನು ಆಯ್ದು ಪ್ಯಾರಸಿಟಮಾಲ್ ಕಟ್ಟಿದರು. ಅದೇ ಹೆಸರಿನ ಬೇರೆ ತುಂಡುಗಳಿಂದ ಅಮೆರಿಕದಲ್ಲಿ ಅಸಿಟಾಮಿನೋಫೆನ್ ಆಯಿತು. ಇದು ಬರೀ ಪದಗಳ ಆಟವಲ್ಲ. ಎರಡು ಹೆಸರಿನ ಮಾತ್ರೆಗಳನ್ನು ಎರಡು ಬೇರೆ ಮದ್ದು ಎಂದುಕೊಂಡು ಒಟ್ಟಿಗೆ ನುಂಗಿದರೆ ಪ್ರಮಾಣ ದುಪ್ಪಟ್ಟಾಗುತ್ತದೆ. ವಯಸ್ಕರಿಗೆ ದಿನದ ಗರಿಷ್ಠ ಮಿತಿ 4 ಗ್ರಾಂ. ಅದನ್ನು ತೀರಾ ಮೀರಿದಾಗ ಯಕೃತ್ತಿನ ಗ್ಲುಟಥಯೋನ್ ದಾಸ್ತಾನು ಬರಿದಾಗುತ್ತದೆ, ಮದ್ದು ಒಡೆದು ಬರುವ ವಿಷಕಾರಿ ವಸ್ತುವನ್ನು ತಡೆಯುವವರಿಲ್ಲದೆ ಜೀವಕೋಶಗಳು ಸಾಯುತ್ತವೆ. ನೆಗಡಿಯ ಮಿಶ್ರ ಮಾತ್ರೆಗಳ ಪಟ್ಟಿಯ ಮೇಲೆ ಎರಡೂ ಹೆಸರು ಹುಡುಕುವ ರೂಢಿ ಮಾಡಿಕೋ.

ಇನ್ನು ಗ್ರೀಕ್‌ಗೆ ಸೇರದ ‘ಪ್ಯಾರಾ’ಗಳು. ಲ್ಯಾಟಿನ್‌ನಲ್ಲಿ ‘ಪರೆರೆ’ ಅಂದರೆ ಹೆರು. ಮೊದಲ ಸಲ ಹೆತ್ತ ಪ್ರೈಮಿಪ್ಯಾರಾ, ಹಲವು ಸಲ ಹೆತ್ತ ಮಲ್ಟಿಪ್ಯಾರಾ, ಮೊಟ್ಟೆಯಿಡುವ ಓವಿಪ್ಯಾರಸ್ ಪ್ರಾಣಿಗಳು, ಹೆರಿಗೆಯ ನಂತರದ ಪೋಸ್ಟ್‌ಪಾರ್ಟಮ್ ಎಲ್ಲವೂ ಈ ಮನೆಯವು. ಪೇರೆಂಟ್ ಕೂಡ. ಗುರುತು ಸುಲಭ: ಗ್ರೀಕ್‌ನದು ಪದದ ತಲೆಯಲ್ಲಿ ಕೂರುತ್ತದೆ, ಹೆರಿಗೆಯದು ಹೆಚ್ಚಾಗಿ ಬಾಲದಲ್ಲಿ. ಕೇಸ್ ಶೀಟಿನಲ್ಲಿ ಜಿ3 ಪಿ1 ಎಂದಿದ್ದರೆ ಮೂರನೆಯ ಗರ್ಭ, ಒಂದು ಹೆರಿಗೆ. ಆ ಪಿ ಎಣಿಸುವುದು ಹೆರಿಗೆಯನ್ನು, ಮಕ್ಕಳನ್ನಲ್ಲ. ಅವಳಿ ಹುಟ್ಟಿದ್ದರೂ ಒಂದೇ. ಹೊಸಬರು ಅಲ್ಲಿ 2 ಬರೆದು ಬೈಸಿಕೊಳ್ಳುತ್ತಾರೆ. ಎಷ್ಟು ವಾರ ದಾಟಿದರೆ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಎಲ್ಲೆಡೆ ಒಂದೇ ಅಲ್ಲ, 20 ಎನ್ನುವವರಿದ್ದಾರೆ, 24 ಎನ್ನುವವರಿದ್ದಾರೆ. ನಿನ್ನ ವಿಭಾಗದ ನಿಯಮ ಕೇಳಿಕೋ.

ತಲೆಬುರುಡೆಯ ಪ್ಯಾರೈಟಲ್ ಮೂಳೆಯ ಹೆಸರು ಲ್ಯಾಟಿನ್‌ನ ‘ಗೋಡೆ’ಯಿಂದ ಬಂತು. ಪೆಥಾಲಜಿಯಲ್ಲಿ ಅಂಗಾಂಶದ ತುಣುಕನ್ನು ಹುದುಗಿಸುವ ಪ್ಯಾರಾಫಿನ್ ಮೇಣದ ಹೆಸರು ‘ಪರುಮ್ ಅಫಿನಿಸ್’, ಅಂದರೆ ನಂಟು ಕಮ್ಮಿ: ಬೇರೆ ವಸ್ತುಗಳ ಜೊತೆ ಅದು ಸುಲಭಕ್ಕೆ ಬೆರೆಯುವುದಿಲ್ಲವೆಂದು ಜರ್ಮನಿಯ ರಸಾಯನಶಾಸ್ತ್ರಜ್ಞ ರೈಕೆನ್‌ಬಾಖ್ 1830ರಲ್ಲಿ ಹಾಗೆ ಕರೆದ. ಇವೆರಡನ್ನೂ ನಿನ್ನ ಪಟ್ಟಿಯಿಂದ ಹೊಡೆದುಹಾಕು. ಉಳಿದವನ್ನು ಮೂರು ಗುಂಪು ಮಾಡಿ ಬರೆದಮೇಲೆ ಒಮ್ಮೆ ನನಗೆ ತೋರಿಸು.

ಪ್ರೀತಿಯಿಂದ,
ಅಮ್ಮ