ಡೆವಲಪರ್ ವರದಿಯ ಮೊದಲ ಪುಟ ಬದಲಾಗುತ್ತಿದೆ: ಇನ್ನು ವಸೂಲಿ ಮುಂದೆ, ಬುಕಿಂಗ್ ಹಿಂದೆ

ಮಾನ್ಯ ಚಂದಾದಾರರೇ,

ಮನೆ ಕಟ್ಟಿ ಮಾರುವುದರ ಜೊತೆಗೆ ಕಚೇರಿ ಕಟ್ಟಡ, ಮಾಲ್, ಹೋಟೆಲ್‌ಗಳನ್ನೂ ನಡೆಸುವ ರಿಯಲ್ ಎಸ್ಟೇಟ್ ಕಂಪನಿಗಳ ಬಗ್ಗೆ ನಾವು ಕಳಿಸುವ ವರದಿಯ ರೂಪ ಮುಂದಿನ ತ್ರೈಮಾಸಿಕದಿಂದ ಬದಲಾಗುತ್ತದೆ. ಮೊದಲ ಪುಟದಲ್ಲಿದ್ದ ಒಟ್ಟು ಬುಕಿಂಗ್, ಆದಾಯ, ನಿವ್ವಳ ಲಾಭ ಈ ಮೂರೂ ಒಳಪುಟಕ್ಕೆ ಹೋಗುತ್ತವೆ. ಆ ಜಾಗಕ್ಕೆ ಗ್ರಾಹಕರಿಂದ ವಸೂಲಾದ ಹಣ, ಬಾಕಿ ಕಾಮಗಾರಿಯ ಖರ್ಚು ಮತ್ತು 24 ತಿಂಗಳೊಳಗೆ ತೀರಿಸಬೇಕಾದ ಸಾಲ ಬರುತ್ತವೆ. ಚಂದಾ ದರ ಇದ್ದಷ್ಟೇ ಇರುತ್ತದೆ.

ಇಂಥ ಕಂಪನಿಯ ಲಾಭ ಎಂಬ ಒಂದೇ ಅಂಕಿಯೊಳಗೆ ಬೇರೆ ಬೇರೆ ಕಾಲದ ವ್ಯವಹಾರ ಕಲಸಿಹೋಗಿರುತ್ತದೆ. ಮನೆಗಳಿಂದ ಬಂದ ಲಾಭ ಎರಡು ಮೂರು ವರ್ಷದ ಹಿಂದಿನ ಮಾರಾಟದ್ದಾಗಿರಬಹುದು. ಬಾಡಿಗೆ ಈ ತ್ರೈಮಾಸಿಕದ್ದು. ಹೋಟೆಲ್ ಕೋಣೆಯ ದರವಂತೂ ದಿನದಿನಕ್ಕೂ ಬದಲಾಗುವಂಥದ್ದು. ಕಟ್ಟಡದ ಮೌಲ್ಯ ಏರಿತೆಂದು ಬರೆದುಕೊಂಡ ಲಾಭದಲ್ಲಿ ಯಾವ ವ್ಯವಹಾರವೂ ನಡೆದೇ ಇರುವುದಿಲ್ಲ. ಇವನ್ನೆಲ್ಲ ಕೂಡಿಸಿ 'ಲಾಭ ಶೇ 20 ಏರಿಕೆ' ಎಂದು ಮೊದಲ ಪುಟದಲ್ಲಿ ಹಾಕಿದರೆ ಲೆಕ್ಕ ತಪ್ಪಲ್ಲ, ಆದರೆ ಓದುವವರಿಗೆ ಉಪಯೋಗವೂ ಇಲ್ಲ.

ಬುಕಿಂಗ್‌ನಿಂದ ಶುರುಮಾಡೋಣ. 100ರ ಮನೆ ಬುಕ್ ಆಯಿತು ಅಂದರೆ ಆ ದಿನ ಕೈಗೆ ಬಂದಿರುವುದು 10 ಇರಬಹುದು. ಉಳಿದದ್ದು ಅಡಿಪಾಯ, ಒಂದೊಂದು ಮಹಡಿಯ ಚಾವಣಿ, ಕೀಲಿಕೈ ಎಂದು ಹಂತಹಂತವಾಗಿ ಬರಬೇಕು. ಕೆಲಸ ನಿಂತರೆ ವಸೂಲಿಯೂ ನಿಲ್ಲುತ್ತದೆ, ಖರೀದಿದಾರನ ಗೃಹಸಾಲ ಮಂಜೂರಾಗದಿದ್ದರೆ ಬುಕಿಂಗೇ ರದ್ದಾಗುತ್ತದೆ. ಕೆಲವು ಕಂಪನಿಗಳು ರದ್ದಾದದ್ದನ್ನು ಕಳೆಯದೆ ಒಟ್ಟು ಬುಕಿಂಗ್ ಪ್ರಕಟಿಸುತ್ತವೆ, ಅದೇ ಮನೆ ಮತ್ತೆ ಮಾರಾಟವಾದಾಗ ಇನ್ನೊಮ್ಮೆ ಎಣಿಸುತ್ತವೆ. ಇನ್ನು ಮುಂದೆ ರದ್ದತಿ ಕಳೆದ ಅಂಕಿಯನ್ನು ಮಾತ್ರ ಕೊಡುತ್ತೇವೆ. ಕಂಪನಿ ಅದನ್ನು ತಿಳಿಸದಿದ್ದರೆ ಆ ಕಾಲಂ ಖಾಲಿ ಇರುತ್ತದೆ. ಅಂದಾಜು ಹಾಕಿ ತುಂಬುವುದಿಲ್ಲ.

ಆದಾಯದ ಕಥೆ ಬೇರೆ. 2018ರ ಜನವರಿ 1ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 15 ಪ್ರಕಾರ, ಕಟ್ಟುತ್ತಿರುವ ಮನೆಯನ್ನು ಬೇರೆಯವರಿಗೆ ಕೊಡಲು ಕಂಪನಿಗೆ ಅವಕಾಶವಿಲ್ಲದೆ, ಆವರೆಗೆ ಮಾಡಿದ ಕೆಲಸಕ್ಕೆ ಹಣ ಕೇಳುವ ಕಾನೂನುಬದ್ಧ ಹಕ್ಕೂ ಇದ್ದರೆ ಕೆಲಸ ಸಾಗಿದಂತೆ ಆದಾಯ ಬರೆಯಬಹುದು. ಈ ಎರಡರಲ್ಲಿ ಒಂದು ತಪ್ಪಿದರೂ ಸಾಮಾನ್ಯವಾಗಿ ಮನೆ ಹಸ್ತಾಂತರವಾಗುವವರೆಗೆ ಕಾಯಬೇಕು. ಹೀಗಾಗಿ ಒಂದೇ ಎತ್ತರದ, ಒಂದೇ ವೇಗದಲ್ಲಿ ಏಳುತ್ತಿರುವ ಎರಡು ಕಟ್ಟಡಗಳಲ್ಲಿ ಒಂದರ ಆದಾಯ ವರ್ಷವರ್ಷವೂ ಕಾಣಿಸುತ್ತದೆ, ಇನ್ನೊಂದರದ್ದು ಮೂರು ವರ್ಷ ಸೊನ್ನೆಯಿದ್ದು ಒಂದೇ ತ್ರೈಮಾಸಿಕದಲ್ಲಿ ಉಕ್ಕುತ್ತದೆ. ಹಿಂದಿನ ವರ್ಷದೊಂದಿಗೆ ಹೋಲಿಸಿ ಶೇಕಡಾವಾರು ಹೇಳುವುದನ್ನು ಮನೆ ವಿಭಾಗದ ಮಟ್ಟಿಗೆ ಬಿಟ್ಟಿದ್ದೇವೆ.

ಇದರ ಜೊತೆಗೆ ಬಡ್ಡಿಯ ವಿಷಯವೂ ಇದೆ. ಕಟ್ಟುವ ಅವಧಿಯ ಬಡ್ಡಿಯನ್ನು ಖರ್ಚು ಎಂದು ತೋರಿಸದೆ ದಾಸ್ತಾನಿನ ಬೆಲೆಗೆ ಸೇರಿಸುವ ರೂಢಿ ಈ ಉದ್ಯಮದಲ್ಲಿ ಹಳೆಯದು. ಕೆಲಸ ಸಾಗಿದಂತೆ ಆದಾಯ ಬರೆಯುವ ಮನೆಗಳಿಗೆ ಹಾಗೆ ಸೇರಿಸುವಂತಿಲ್ಲ ಎಂದು ಐಎಫ್‌ಆರ್‌ಎಸ್ ವ್ಯಾಖ್ಯಾನ ಸಮಿತಿ 2019ರ ಮಾರ್ಚ್‌ನಲ್ಲಿ ಹೇಳಿತು. ಇಂಥವಲ್ಲದ ಮನೆಗಳ ಬೆಲೆಗೆ ಸೇರಿಸಿದ ಬಡ್ಡಿ ಮನೆ ಮಾರಾಟವಾದಾಗ 'ನಿರ್ಮಾಣ ವೆಚ್ಚ'ದ ವೇಷದಲ್ಲಿ ಹೊರಬರುತ್ತದೆ. ಲಾಭ ನಷ್ಟದ ಪಟ್ಟಿಯಲ್ಲಿ ಬಡ್ಡಿ ಸಾಲು ಸಣ್ಣದಿದೆ ಎಂದು ನೆಮ್ಮದಿ ಪಡಬೇಡಿ. ನಗದು ಹರಿವಿನ ಪಟ್ಟಿಯಲ್ಲಿ 'ಪಾವತಿಸಿದ ಬಡ್ಡಿ' ಎಷ್ಟಿದೆ ನೋಡಿ. ಬಡ್ಡಿ ಕಟ್ಟುವ ತಾಕತ್ತನ್ನು ಇನ್ನು ಆ ಅಂಕಿಯ ಮೇಲೆಯೇ ಲೆಕ್ಕ ಹಾಕುತ್ತೇವೆ.

ಬಾಡಿಗೆ ಕಟ್ಟಡಗಳಲ್ಲಿ ಎರಡು ತಿದ್ದುಪಡಿ ಮಾಡಿದ್ದೇವೆ. ಮೊದಲನೆಯದು ಉಚಿತ ಅವಧಿ. 60 ತಿಂಗಳ ಕರಾರು, ತಿಂಗಳಿಗೆ 10 ಬಾಡಿಗೆ, ಮೊದಲ 6 ತಿಂಗಳು ಬಾಡಿಗೆಯಿಲ್ಲ ಎಂದುಕೊಳ್ಳಿ. ಬರುವ ಒಟ್ಟು ಹಣ 540. ಲೆಕ್ಕದ ನಿಯಮ ಇದನ್ನು 60 ತಿಂಗಳಿಗೆ ಸಮನಾಗಿ ಹಂಚಿ ತಿಂಗಳಿಗೆ 9 ಆದಾಯ ತೋರಿಸುತ್ತದೆ. ಅಂದರೆ ಮೊದಲ ಆರು ತಿಂಗಳಲ್ಲಿ ಪುಸ್ತಕದಲ್ಲಿ 54, ಪೆಟ್ಟಿಗೆಯಲ್ಲಿ ಸೊನ್ನೆ. ಹೊಸದಾಗಿ ತುಂಬಿದ ಕಟ್ಟಡಗಳು ಹೆಚ್ಚಿರುವ ಕಂಪನಿಯಲ್ಲಿ ಈ ಅಂತರ ಸಣ್ಣದಲ್ಲ. 'ಶೇ 95 ಭರ್ತಿ' ಎಂಬುದರಲ್ಲೂ ಕರಾರು ಆಗಿರುವುದು ಎಷ್ಟು, ಬಾಡಿಗೆ ಶುರುವಾಗಿರುವುದು ಎಷ್ಟು ಎಂದು ಇನ್ನು ಬೇರೆ ಬೇರೆ ತೋರಿಸುತ್ತೇವೆ.

ಎರಡನೆಯದು ಮೌಲ್ಯ. ಬಾಡಿಗೆ ಕಟ್ಟಡವನ್ನು ಖರೀದಿ ಬೆಲೆಯಲ್ಲಿ ಇಟ್ಟುಕೊಳ್ಳಬಹುದು, ಅಥವಾ ಮಾರುಕಟ್ಟೆ ಮೌಲ್ಯಕ್ಕೆ ಏರಿಸಿ ಇಳಿಸಿ ವ್ಯತ್ಯಾಸವನ್ನು ಲಾಭಕ್ಕೆ ಸೇರಿಸಬಹುದು. ಐಎಎಸ್ 40 ಎಂಬ ಅಂತರರಾಷ್ಟ್ರೀಯ ಮಾನದಂಡ ಎರಡಕ್ಕೂ ಅವಕಾಶ ಕೊಡುತ್ತದೆ. ಎರಡನೆಯ ದಾರಿ ಹಿಡಿದವರ ಲಾಭ ಮೌಲ್ಯಮಾಪಕರು ಕ್ಯಾಪ್ ರೇಟ್ ಎನ್ನುವ ಒಂದು ಶೇಕಡಾವಾರಿನ (ವರ್ಷದ ನಿವ್ವಳ ಬಾಡಿಗೆ ಕಟ್ಟಡದ ಮೌಲ್ಯದ ಶೇಕಡಾ ಎಷ್ಟು ಎಂಬುದರ) ಮೇಲೆ ನಿಂತಿರುತ್ತದೆ. ನಿವ್ವಳ ಬಾಡಿಗೆ ವರ್ಷಕ್ಕೆ 60, ದರ ಶೇ 6 ಆದರೆ ಕಟ್ಟಡದ ಮೌಲ್ಯ 1,000. ದರ ಶೇ 7 ಆದರೆ 857. ಅದರ ಮೇಲೆ 500 ಸಾಲವಿದೆ, ಸಾಲ ಮೌಲ್ಯದ ಶೇ 55 ದಾಟಬಾರದು ಎಂದು ಬ್ಯಾಂಕಿನ ಷರತ್ತಿದೆ ಅಂದುಕೊಳ್ಳಿ. ಶೇ 50 ಇದ್ದದ್ದು ಶೇ 58 ಆಯಿತು. 857ರ ಶೇ 55 ಅಂದರೆ 471. ಕಂಪನಿ ಕೂಡಲೇ 29 ಹೊಂದಿಸಬೇಕು. ಬಾಡಿಗೆದಾರ ಬಿಟ್ಟು ಹೋಗಿಲ್ಲ, ಬಾಡಿಗೆ ಒಂದು ಕಾಸೂ ಇಳಿದಿಲ್ಲ! ಅಮೆರಿಕದ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಿಂದ 2023ರ ಜುಲೈ ನಡುವೆ ತನ್ನ ದರವನ್ನು ಶೇ 0–0.25ರಿಂದ ಶೇ 5.25–5.50ಕ್ಕೆ ಏರಿಸಿದಾಗ ಕ್ಯಾಪ್ ರೇಟ್ ಕೂಡ ಏರಿ, ಕಚೇರಿ ಕಟ್ಟಡಗಳ ಮಾಲೀಕರಿಗೆ ಬಿದ್ದ ಪೆಟ್ಟಿನಲ್ಲಿ ಒಂದು ಪಾಲು ಇದೇ ಬಗೆಯದು. ಮೌಲ್ಯ ಏರಿಳಿತದ ಲಾಭವನ್ನು ನಮ್ಮ ಲಾಭದ ಲೆಕ್ಕದಿಂದ ಪೂರ್ತಿ ಹೊರಗಿಟ್ಟು, ಕ್ಯಾಪ್ ರೇಟ್ ಅರ್ಧ ಮತ್ತು ಒಂದು ಶೇಕಡಾಂಶ ಏರಿದರೆ ಸಾಲದ ಪ್ರಮಾಣ ಎಲ್ಲಿಗೆ ಹೋಗುತ್ತದೆ ಎಂಬ ಪುಟ್ಟ ಕೋಷ್ಟಕ ಕೊಡುತ್ತೇವೆ.

ಹೋಟೆಲ್ ವಿಭಾಗದಲ್ಲಿ ಬದಲಾವಣೆ ಏನೂ ಇಲ್ಲ. ಸರಾಸರಿ ಕೋಣೆ ದರವನ್ನು ಭರ್ತಿ ಪ್ರಮಾಣದಿಂದ ಗುಣಿಸಿ ಲಭ್ಯ ಕೋಣೆಯೊಂದರ ಆದಾಯ ತೋರಿಸುವುದು ಹಾಗೆಯೇ ಮುಂದುವರಿಯುತ್ತದೆ.

ಸಾಲದ ಲೆಕ್ಕದಲ್ಲಿ ನಿಮಗೆ ಅತಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಕೆಲವು ಕಂಪನಿಗಳ ಸಾಲ ನಮ್ಮ ಪಟ್ಟಿಯಲ್ಲಿ ಏಕಾಏಕಿ ಜಾಸ್ತಿಯಾಗಿರುತ್ತದೆ. ಅವರು ಹೊಸ ಸಾಲ ಮಾಡಿದ್ದಾರೆಂದಲ್ಲ. ಪಾಲುದಾರರೊಂದಿಗೆ ಮಾಡಿದ ಜಂಟಿ ಉದ್ಯಮದ ಸಾಲ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ, 'ಲಾಭದಲ್ಲಿ ಪಾಲು' ಎಂಬ ಒಂದು ಸಾಲು ಮಾತ್ರ ಬರುತ್ತದೆ. ಆ ಸಾಲಕ್ಕೆ ಕಂಪನಿ ಕೊಟ್ಟ ಗ್ಯಾರಂಟಿ ಲೆಕ್ಕಪತ್ರದ ಕೊನೆಯ ಟಿಪ್ಪಣಿಗಳಲ್ಲಿ ಇರುತ್ತದೆ. ಗ್ಯಾರಂಟಿ ಇದ್ದರೆ ಅದರ ಪೂರ್ತಿ ಮೊತ್ತ, ಇಲ್ಲದಿದ್ದರೆ ಕಂಪನಿಯ ಪಾಲಿನಷ್ಟು ಸೇರಿಸುತ್ತೇವೆ. ಅವಧಿಯೇ ಇಲ್ಲದ ಪರ್ಪೆಚುಯಲ್ ಬಾಂಡ್‌ಗಳನ್ನು ಬಂಡವಾಳ ಎಂದು ತೋರಿಸಿದ್ದರೂ ನಾವು ಸಾಲವೆಂದೇ ಎಣಿಸುತ್ತೇವೆ. ನಿವ್ವಳ ಸಾಲ ತೆಗೆಯುವಾಗ ಎಸ್ಕ್ರೋ ಖಾತೆಯ ಹಣವನ್ನು ಕಳೆಯುವುದಿಲ್ಲ. ಅದು ಆಯಾ ಯೋಜನೆಯ ಕಾಮಗಾರಿಗೆ ಮೀಸಲು, ಮುಖ್ಯ ಕಂಪನಿಯ ಸಾಲ ತೀರಿಸಲು ಬರುವುದಿಲ್ಲ.

ಚೀನಾ 2020ರ ಆಗಸ್ಟ್‌ನಲ್ಲಿ ತನ್ನ ಡೆವಲಪರ್‌ಗಳಿಗೆ ಮೂರು ಗೆರೆ ಎಳೆಯಿತು: ಗ್ರಾಹಕರು ಕೊಟ್ಟ ಮುಂಗಡ ಬಿಟ್ಟು ಉಳಿದ ಹೊಣೆ ಆಸ್ತಿಯ ಶೇ 70 ಮೀರಬಾರದು, ನಿವ್ವಳ ಸಾಲ ಬಂಡವಾಳದ ಶೇ 100 ಮೀರಬಾರದು, ಕೈಯಲ್ಲಿರುವ ನಗದು ಅಲ್ಪಾವಧಿ ಸಾಲಕ್ಕಿಂತ ಕಡಿಮೆಯಿರಬಾರದು. ಅಲ್ಲಿನ ದೊಡ್ಡ ಡೆವಲಪರ್ ಎವರ್‌ಗ್ರಾಂಡ್ 2021ರಲ್ಲಿ ಸಾಲದ ಬಾಕಿ ಕಟ್ಟಲು ತಪ್ಪಿತು, 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಲು ಆದೇಶಿಸಿತು. ಈ ಮೂರು ಗೆರೆಗಳನ್ನು ನಾವೂ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೇವೆ, ಆದರೆ ಮೇಲೆ ಹೇಳಿದ ತಿದ್ದುಪಡಿ ಮಾಡಿದ ನಂತರದ ಅಂಕಿಗಳಿಗೆ. ತಿದ್ದದ ಅಂಕಿಗೆ ಅಳತೆ ಹಾಕಿದರೆ ಜಂಟಿ ಉದ್ಯಮದೊಳಗೆ ಸಾಲ ಸರಿಸಿದವರೆಲ್ಲ ಪಾಸಾಗಿಬಿಡುತ್ತಾರೆ.

'ಉತ್ತಮ', 'ಸ್ಥಿರ', 'ದುರ್ಬಲ' ಎಂಬ ಮುನ್ನೋಟದ ಹಣೆಪಟ್ಟಿಗಳನ್ನು ಕೈಬಿಡುತ್ತಿದ್ದೇವೆ. ಬದಲಿಗೆ ಮುಂದಿನ 24 ತಿಂಗಳ ಲೆಕ್ಕವನ್ನೇ ಇಡುತ್ತೇವೆ. ಉದಾಹರಣೆಗೆ, ಮಾರಿದ ಮನೆಗಳಿಂದ ಬರಬೇಕಾದ್ದು 300, ಕಾಮಗಾರಿಗೆ ಇನ್ನೂ ಬೇಕಾದ್ದು 220, ಉಳಿಯುವುದು 80. ಬಡ್ಡಿ, ತೆರಿಗೆ, ಆಡಳಿತ ಖರ್ಚು ಕಳೆದ ಮೇಲೆ ಬಾಡಿಗೆ ಮತ್ತು ಹೋಟೆಲ್‌ನಿಂದ 60, ಬಳಸಬಹುದಾದ ನಗದು 50. ಒಟ್ಟು 190. ತೀರಿಸಬೇಕಾದ ಸಾಲ 240 ಇದ್ದರೆ 50 ಕೊರತೆ. ಅದನ್ನು ಸಾಲ ನವೀಕರಿಸಿ, ಕಟ್ಟಡ ಮಾರಿ, ಇಲ್ಲವೇ ಉಳಿದ ಮನೆಗಳ ಬೆಲೆ ಇಳಿಸಿ ತುಂಬಬೇಕು. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಮಾರಾಟವಾದ ಮನೆಗಳ ಪಾಲಿನ ಖರ್ಚನ್ನಷ್ಟೇ ಕಳೆಯುವುದು. ಅರ್ಧ ಮನೆಗಳು ಮಾರಾಟವಾಗದಿದ್ದರೂ ಚಾವಣಿ ಇಡೀ ಕಟ್ಟಡಕ್ಕೆ ಹಾಕಬೇಕು, ಲಿಫ್ಟ್ ಪೂರ್ತಿ ಕೂರಿಸಬೇಕು. ಆದ್ದರಿಂದ 220ರಲ್ಲಿ ಕಟ್ಟಡದ ಇಡೀ ಬಾಕಿ ಖರ್ಚು ಇರುತ್ತದೆ. ಜಮೀನಿನ ದಾಸ್ತಾನಿನಲ್ಲೂ ಅನುಮತಿ ಸಿಗದ್ದು, ಪೂರ್ತಿ ಹಣ ಕೊಡದ್ದು ಎರಡನ್ನೂ ಬಿಟ್ಟು, ಈಗಿನ ಮಾರಾಟದ ವೇಗದಲ್ಲಿ ಎಷ್ಟು ವರ್ಷಕ್ಕೆ ಸಾಕು ಎಂದು ಹೇಳುತ್ತೇವೆ.

ಈ ಕೆಲಸಕ್ಕೆ ಟಿಪ್ಪಣಿಗಳನ್ನು ಸಾಲು ಸಾಲಾಗಿ ಓದಬೇಕಿರುವುದರಿಂದ, ಫಲಿತಾಂಶ ಬಂದ ಎರಡು ದಿನಕ್ಕೆ ಬರುತ್ತಿದ್ದ ವರದಿ ಇನ್ನು ಹತ್ತು ದಿನಕ್ಕೆ ಬರುತ್ತದೆ. ಗ್ಯಾರಂಟಿ ಮತ್ತು ಸಾಲದ ಅವಧಿಯ ಪೂರ್ಣ ವಿವರ ಸಿಗುವುದು ವಾರ್ಷಿಕ ವರದಿಯಲ್ಲೇ. ನಡುವಿನ ತ್ರೈಮಾಸಿಕಗಳಲ್ಲಿ ಹಳೆಯ ಅಂಕಿ ಬಳಸಿದ ಕಡೆ ಅದರ ದಿನಾಂಕ ಪಕ್ಕದಲ್ಲಿರುತ್ತದೆ. ನಮ್ಮ ಹಾಳೆಯಿಂದ ನಿಮ್ಮ ಲೆಕ್ಕಕ್ಕೆ ನೇರವಾಗಿ ಅಂಕಿ ಎಳೆದುಕೊಳ್ಳುವವರು ಗಮನಿಸಿ: 'ನಿವ್ವಳ ಸಾಲ' ಕಾಲಂನ ಹೆಸರು ಅದೇ ಇರುತ್ತದೆ, ಒಳಗಿನ ಲೆಕ್ಕ ಬೇರೆ. ಮುಂದಿನ ಎರಡು ಸಂಚಿಕೆಗಳಲ್ಲಿ ಹಳೆಯ ವಿಧಾನದ ಅಂಕಿಯನ್ನೂ ಕೊನೆಯ ಹಾಳೆಯಲ್ಲಿ ಕೊಡುತ್ತೇವೆ, ಮೂರನೆಯದರಿಂದ ಅದು ಇರುವುದಿಲ್ಲ. ಹಿಂದಿನ ಐದು ವರ್ಷದ ಅಂಕಿಗಳನ್ನು ಹೊಸ ವಿಧಾನಕ್ಕೆ ತಿದ್ದಿದ ಹಾಳೆ ಬೇಕಿದ್ದರೆ ಈ ಪತ್ರಕ್ಕೆ ಉತ್ತರಿಸಿ, ಕಳಿಸುತ್ತೇವೆ.

ಇಂತಿ,
ವರದಿ ವಿಭಾಗ