ತಾರಸಿಗೆ ಎರಡು ಪೊಟ್ಟಣ

ಪ್ರೀತಿಯ ಪುಟ್ಟಿ,

ಹಾಲುಬೆಂಡೆ ಮತ್ತು ಮುಳ್ಳುಸೌತೆ ಬೀಜ ಕಳಿಸಿದ್ದೇನೆ. "ಇನ್ನೂ ಹತ್ತು ಬಗೆ ಕಳಿಸು ಆಯಿ" ಅಂದಿದ್ದೆ ಅಲ್ವಾ, ಕಳಿಸುವುದಿಲ್ಲ. ಹತ್ತು ಬಗೆ ಹಾಕಿದರೆ ಫೋಟೊ ಚೆನ್ನಾಗಿ ಬರುತ್ತದೆ, ಬೀಜ ಉಳಿಯುವುದಿಲ್ಲ. ಒಂದು ತಳಿ ಉಳಿಯಬೇಕಾದರೆ ಅದರದೇ ಏಳೆಂಟು ಗಿಡವಾದರೂ ಬೇಕು. ನಿನ್ನ ತಾರಸಿಯಲ್ಲಿ ಇರುವ ಜಾಗಕ್ಕೆ ಈ ಎರಡೇ ಜಾಸ್ತಿ.

ಹಾಲುಬೆಂಡೆ ನಿಮ್ಮ ಬೆಂಗಳೂರಿನ ಅಂಗಡಿಯಲ್ಲಿ ಯಾಕೆ ಸಿಗುವುದಿಲ್ಲ ಅಂತ ಕೇಳಿದ್ದೆ. ಅಂಗಡಿ ಬೆಂಡೆ ಗಿಡ್ಡ, ಕಡುಹಸಿರು, ಐದು ಏಣು. ನಮ್ಮದು ಬಿಳಿಚು ಬಣ್ಣ, ಎಂಟು ಏಣು, ಮೊಳದುದ್ದ ಬಂದರೂ ಎಳೆಯದೇ. ಆದರೆ ಕ್ರೇಟಿನಲ್ಲಿ ಕೂರುವುದಿಲ್ಲ, ದೂರದ ಲಾರಿ ಪ್ರಯಾಣಕ್ಕೆ ಮುರಿದುಹೋಗುತ್ತದೆ. ಉಡುಪಿ ಕಡೆಯ ಮಟ್ಟುಗುಳ್ಳ ಬದನೆ ನೋಡು, ಅದಕ್ಕೆ 2011ರಲ್ಲಿ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು, ಸೋದೆ ಮಠದ ನಂಟೂ ಇದೆ, ಮಾರುಕಟ್ಟೆಯೂ ಇದೆ. ಹಾಲುಬೆಂಡೆಗೆ ಇರುವುದು ಹಿತ್ತಿಲು ಮಾತ್ರ. ಹಿತ್ತಿಲಿನವರು ಬಿಟ್ಟರೆ ಅದು ಹೋದ ಹಾಗೇ.

ಹಾಗಂತ ಅಂಗಡಿ ಬೆಂಡೆಯನ್ನು ಬೈಯಬೇಡ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಹಳದಿ ನಂಜು ರೋಗ ತಡೆಯಲೆಂದೇ ಬೆಳೆಸಿದ್ದು. ಬಿಳಿನೊಣ ಹರಡುವ ರೋಗ ಅದು, ಎಲೆಯ ನರವೆಲ್ಲ ಹಳದಿ ಆಗುವುದು. ತಡೆಯುವ ಆ ಗುಣ ಬಂದದ್ದು ಎಲ್ಲಿಂದ? ಬೆಂಡೆಯದೇ ಒಂದು ಕಾಡುಜಾತಿಯಿಂದ. ಅದು ಎಲ್ಲೋ ಒಂದು ಕಡೆ ಉಳಿದಿತ್ತು, ಬೇಕಾದಾಗ ಸಿಕ್ಕಿತು. ದೆಹಲಿಯ ಸರ್ಕಾರಿ ಬೀಜ ಭಂಡಾರದಲ್ಲಿ ಮೈನಸ್ 18 ಡಿಗ್ರಿ ಚಳಿಯಲ್ಲಿ ಬೀಜ ಇಡುತ್ತಾರೆ. ಅದೂ ಬೇಕು. ಆದರೆ ಅಲ್ಲಿ ಬೀಜ ನಿದ್ದೆಯಲ್ಲಿರುತ್ತದೆ. ಹಿತ್ತಿಲಿನದು ಪ್ರತಿ ವರ್ಷ ಮಳೆ, ಹುಳ, ರೋಗ ಎಲ್ಲ ಉಂಡು ಗಟ್ಟಿಯಾಗಿ ಬರುತ್ತದೆ.

ಈಗ ಸೌತೆ ವಿಷಯ. ಪಕ್ಕದ ತಾರಸಿಯವರು ಹೈಬ್ರಿಡ್ ಸೌತೆ ಹಾಕಿದ್ದಾರೆ ಅಂದೆಯಲ್ಲ, ಜೇನು ಎರಡೂ ಕಡೆ ಓಡಾಡುತ್ತದೆ. ಈ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗುವುದಿಲ್ಲ. ಬೆರಕೆ ಬೀಜದೊಳಗೆ ಕೂತಿರುತ್ತದೆ, ಮುಂದಿನ ವರ್ಷ ಬಣ್ಣ ತೋರಿಸುತ್ತದೆ. ಅದಕ್ಕೇ ಹೂವನ್ನು ನೀನೇ ಕೂಡಿಸಬೇಕು. ಬುಡದಲ್ಲಿ ಪುಟ್ಟ ಕಾಯಿ ಇರುವುದು ಹೆಣ್ಣು ಹೂವು, ಬರೀ ತೊಟ್ಟಿರುವುದು ಗಂಡು. ಸಂಜೆ ಹೊತ್ತು ನೋಡು, ನಾಳೆ ಅರಳುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಎರಡರ ತುದಿಗೂ ದಾರ ಕಟ್ಟು, ರಾತ್ರಿ ಕಳೆಯಲಿ. ಬೆಳಿಗ್ಗೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣಿನ ನಡುವೆ ಮೆಲ್ಲಗೆ ಒರೆಸು. ಬೇರೆ ಬಳ್ಳಿಯ ಗಂಡಾದರೆ ಒಳ್ಳೆಯದು. ಹೆಣ್ಣಿಗೆ ಮತ್ತೆ ದಾರ ಕಟ್ಟಿಬಿಡು. ತೊಟ್ಟಿಗೆ ಕೆಂಪು ನೂಲು ಸುತ್ತು, ಇಲ್ಲದಿದ್ದರೆ ಅಳಿಯಂದಿರು ಅದನ್ನೇ ಕೊಯ್ದು ಕೋಸಂಬರಿ ಮಾಡಿಯಾರು! ಕಾಯಿ ಹಣ್ಣಾಗಿ ಕಂದು ಬಣ್ಣ ಬರುವವರೆಗೆ ಬಳ್ಳಿಯಲ್ಲೇ ಇರಲಿ. ಬೀಜವನ್ನು ತಿರುಳಿನ ಸಮೇತ ಒಂದೆರಡು ದಿನ ಪಾತ್ರೆಯಲ್ಲಿ ಹುಳಿಯಲು ಬಿಡು. ತೊಳೆದಾಗ ತಳಕ್ಕೆ ಕೂತದ್ದು ಒಳ್ಳೆಯದು, ತೇಲಿದ್ದು ಜೊಳ್ಳು.

ಬೆಂಡೆ ಸುಲಭ, ಬಹುಪಾಲು ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಿಕೊಳ್ಳುತ್ತದೆ. ಹತ್ತಿರದಲ್ಲಿ ಬೇರೆ ಬೆಂಡೆ ಇದ್ದರೆ ಮಾತ್ರ ಮೊಗ್ಗಿಗೆ ದಾರ ಕಟ್ಟು. ಎಲ್ಲ ತಿಂದು ಕಡೆಗೆ ಉಳಿದ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವವರನ್ನು ಕಂಡರೆ ನನಗೆ ಸಿಟ್ಟು. ಚೆನ್ನಾಗಿರುವ ಗಿಡದ ಚೆನ್ನಾಗಿರುವ ಕಾಯಿಯನ್ನೇ ಬಿಡಬೇಕು. ಒಂದೇ ಗಿಡದ್ದು ಬೇಡ, ನಾಲ್ಕಾರು ಗಿಡದ್ದು ಸೇರಲಿ. ಹಳದಿ ನಂಜು ಬಂದ ಗಿಡ ಕಂಡ ಕೂಡಲೇ ಕಿತ್ತು ಹಾಕು.

ಬೀಜ ಆದಮೇಲೆ ನಿನ್ನ ಹತ್ತಿರವೇ ಬಚ್ಚಿಟ್ಟುಕೊಳ್ಳಬೇಡ. ಒಂದು ವರ್ಷ ನಮ್ಮ ಬೆಂಡೆಯನ್ನೆಲ್ಲ ಮಂಗ ಮುರಿದು ಹಾಕಿದವು, ಒಂದು ಕಾಯಿಯೂ ಉಳಿಯಲಿಲ್ಲ. ಆಗ ಬೀಜ ಸಿಕ್ಕಿದ್ದು ಹಿಂದೆ ನಾನೇ ಕೊಟ್ಟಿದ್ದ ನಿನ್ನ ಅತ್ತೆಯ ಮನೆಯಲ್ಲಿ. ಶಿರಸಿಯ ವನಸ್ತ್ರೀ ಗುಂಪಿನ ಹೆಂಗಸರು 2001ರಿಂದ ಮಾಡುತ್ತಿರುವುದೂ ಇದನ್ನೇ, ಹಿತ್ತಿಲಿಂದ ಹಿತ್ತಿಲಿಗೆ ಬೀಜ ದಾಟಿಸುವುದು. ಕಾನೂನಿನ ಭಯ ಬೇಡ. 2001ರ ತಳಿ ರಕ್ಷಣೆ ಕಾಯ್ದೆಯಲ್ಲೇ ರೈತರು ಬೀಜ ಇಟ್ಟುಕೊಳ್ಳಬಹುದು, ಹಂಚಬಹುದು, ಮಾರಲೂಬಹುದು ಅಂತಿದೆ.

ಆಸ್ಟ್ರೇಲಿಯಾದ ಗೆಳತಿಗೆ ಮಾತ್ರ ಸುಮ್ನೆ ಕವರಿನಲ್ಲಿ ಹಾಕಿ ಕಳಿಸಬೇಡ, ಅಲ್ಲಿ ಬೀಜದ ತಪಾಸಣೆ ಬಹಳ ಬಿಗಿ. ಮೊದಲು ಕೆಳಗಿನ ಮನೆಯವರಿಗೆ ಕೊಡು. ಪೊಟ್ಟಣದ ಮೇಲೆ ತಳಿಯ ಹೆಸರು, ಊರು, ವರ್ಷ ಬರೆ. ಪೆನ್ಸಿಲ್‌ನಲ್ಲಿ ಬರೆ, ಪೆನ್ನಿನ ಶಾಯಿ ಕಲಸಿಹೋಗುತ್ತದೆ.

ನಿನ್ನ ಆಯಿ